ನನ್ನ ಸೊಂಟ, ಅವಳ ಹೆಗಲು

ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಡೆಯುವವನಿಗೆ ಶಿಕಾರಿಪುರದ ಬೀದಿಯಲ್ಲಿ ಅಪರಿಚಿತರೆಂಬುವರೇ ಇರುವುದಿಲ್ಲ. ಇದು ನಾನು ಸ್ವಂತ ಸೊಂಟದಿಂದ ಕಂಡುಕೊಂಡ ಸತ್ಯ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ಎರಡೂ ಕೈ ಬೀಸಿಕೊಂಡು ಓಡಾಡಿದವನು ನಾನು. ಆಗೆಲ್ಲ ‘ನಮಸ್ಕಾರ ಮೇಷ್ಟ್ರೆ’ ಎಂದು ಸೈಕಲ್ಲಿನ ಮೇಲಿಂದಲೇ ಒಂದು ಮಾತು ಎಸೆದು ಹೋಗುತ್ತಿದ್ದವರು, ತೊಂಬತ್ತರ ದಶಕದ ನಡುವೆ ನಾನು ಸೊಂಟ ಹಿಡಿದುಕೊಂಡು ನಡೆಯತೊಡಗಿದ ಮೇಲೆ ಸೈಕಲ್ಲಿನಿಂದ ಇಳಿದು, ಸ್ಟ್ಯಾಂಡು ಹಾಕಿ, ನನ್ನ ಹಿಂಭಾಗವನ್ನು ಒಂದು ಸುತ್ತು ನೋಡಿ, ಔಷಧಿ ಹೇಳದೆ ಮುಂದೆ ಹೋಗುತ್ತಿರಲಿಲ್ಲ. ವಿದ್ವತ್ತು ಗಳಿಸಿಕೊಡದ ಜನಪ್ರಿಯತೆಯನ್ನು ವಾತ ಗಳಿಸಿಕೊಟ್ಟಿತು.

ನೋವಿಗೊಂದು ಘನವಾದ ಕಾರಣವಾದರೂ ಇದ್ದಿದ್ದರೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ಹೊಲದಲ್ಲಿ ದುಡಿದವರ, ಮೂಟೆ ಹೊತ್ತವರ ಸೊಂಟ ಹಿಡಿದರೆ ಅದಕ್ಕೊಂದು ಮರ್ಯಾದೆಯಿದೆ. ನಾನು ಎತ್ತಲು ಬಗ್ಗಿದ್ದು ಒಂದು ಸೀಮೆಸುಣ್ಣದ ತುಂಡನ್ನು. ಒಂಬತ್ತನೆಯ ತರಗತಿಗೆ ಕನ್ನಡ ಸಂಧಿಗಳನ್ನು ಪಾಠ ಮಾಡುತ್ತಿದ್ದೆ. ಲೋಪ, ಆಗಮ ಮುಗಿದು ಆದೇಶಕ್ಕೆ ಬರುವಷ್ಟರಲ್ಲಿ ಸುಣ್ಣದ ತುಂಡು ಕೈಜಾರಿತು. ಬಗ್ಗಿದವನು ಮತ್ತೆ ಏಳಲಿಲ್ಲ. ಲಂಬಕೋನದಲ್ಲಿ ನಿಂತ ನನ್ನನ್ನು ಮಕ್ಕಳು ಬಹಳ ಹೊತ್ತು ಶ್ರದ್ಧೆಯಿಂದ ನೋಡಿದರು, ಇದೂ ಪಾಠದ ಭಾಗವೇ ಇರಬೇಕೆಂದು. ಕೊನೆಗೆ ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಸಾಗಿಸಿದರು. ಅಂದಿನಿಂದ ವ್ಯಾಕರಣ ನನ್ನ ದೇಹದಲ್ಲೇ ನೆಲೆಸಿತು: ನೋವಿನ ಆಗಮ, ನಿದ್ದೆಯ ಲೋಪ, ಮತ್ತು ಕಂಡಕಂಡವರ ಆದೇಶ.

ಆದೇಶಗಳನ್ನೆಲ್ಲ ಪಾಲಿಸಿದೆ. ಹುರಳಿಕಾಳನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಾಯಿತು, ಬಿಸಿ ಮಾಡಿದ ಎಕ್ಕದ ಎಲೆ ಕಟ್ಟಿಯಾಯಿತು, ಲಕ್ಕಿಸೊಪ್ಪು ಕುದಿಸಿದ ನೀರಿನಲ್ಲಿ ಮಿಂದು ಹೋದಲ್ಲೆಲ್ಲ ಕಷಾಯದ ವಾಸನೆ ಬೀರಿಯಾಯಿತು. ಆಸ್ಪತ್ರೆಯ ಮಾತ್ರೆಗಳು ಸೊಂಟಕ್ಕೆ ಹೋಗುವ ದಾರಿಯಲ್ಲಿ ಹೊಟ್ಟೆಯಲ್ಲೇ ಇಳಿದು ಅಲ್ಲಿ ಬೇರೊಂದು ತಕರಾರು ತೆಗೆದವು. ಮೆತ್ತನೆಯ ಹಾಸಿಗೆ ಬಿಟ್ಟು ಮರದ ಹಲಗೆಯ ಮೇಲೆ ಮಲಗಿ ಎಂದರು, ಮಲಗಿದೆ. ಆಮೇಲೆ ಯಾರೋ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಒಂದೇ ಏಟಿಗೆ ಹೋಗುತ್ತದೆ ಎಂದರು.

ಹುಡುಕಿದಾಗ ನಮ್ಮ ಬಡಾವಣೆಯಲ್ಲಿ ಹಾಗೆ ಹುಟ್ಟಿದವನು ಒಬ್ಬನೇ ಸಿಕ್ಕಿದ, ಹಿಟ್ಟಿನ ಗಿರಣಿಯ ಪರಮೇಶಿ. ಈಗ ಎರಡು ಮಕ್ಕಳ ತಂದೆಯಾಗಿದ್ದ ಈ ಪರಮೇಶಿಯನ್ನು, ಅವನು ನನ್ನ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ನಾನು ಕನ್ನಡದಲ್ಲಿ ಎರಡು ಸಲ ಫೇಲು ಮಾಡಿದ್ದೆ. ಅವನು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಸ ಪಂಚೆಯುಟ್ಟು ಬಂದ. ಬಂದವನೇ ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದ.

“ಗುರುಗಳಿಗೆ ಕಾಲು ತಾಗಿಸೋದು ಪಾಪ ಸಾರ್. ಮೊದಲೇ ಕ್ಷಮೆ ಕೇಳ್ಕೊಂಡ್ ಬಿಡ್ತೀನಿ” ಎಂದ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತ ನನ್ನ ಹಿಂದೆ ನಾಲ್ಕು ಹೆಜ್ಜೆ ಸರಿದು, “ಮೂರು ಸಲ ಒದೀಬೇಕಂತ್ರಿ. ಒಂದು ಉಳುಕಿಗೆ” ಎಂದು ತಡೆದು, “ಇನ್ನೆರಡು ಯಾತಕ್ಕೋ ಗೊತ್ತಿಲ್ಲ” ಎಂದ.

ಅವು ಯಾತಕ್ಕೆಂದು ನನಗೆ ಗೊತ್ತಿತ್ತು. ಮೂರೂ ಏಟುಗಳನ್ನು ನಾನು ಮೌನವಾಗಿ ಸ್ವೀಕರಿಸಿದೆ. ಪರಮೇಶಿಯ ಮನಸ್ಸಿನಲ್ಲಿದ್ದ ಉಳುಕು ಅಂದು ಪೂರ್ತಿ ಹೋಗಿರಬೇಕು. ಅಲ್ಲಿಂದ ಮುಂದೆ ಅವನು ನನ್ನನ್ನು ಕಂಡಾಗಲೆಲ್ಲ ತುಂಬ ಪ್ರೀತಿಯಿಂದ ಮಾತನಾಡಿಸುತ್ತಿದ್ದ. ನನ್ನದು ಮಾತ್ರ ಇದ್ದಲ್ಲೇ ಇತ್ತು.

ಹಗಲು ಹೇಗೋ ಕಳೆಯುತ್ತಿತ್ತು. ಪಾಠ, ಪತ್ರಿಕೆ, ದಾರಿಯಲ್ಲಿ ಸಿಕ್ಕವರೊಂದಿಗೆ ನೋವಿನ ವಿಚಾರ ವಿನಿಮಯ. ಕಷ್ಟ ರಾತ್ರಿಯದು. ಬಲಕ್ಕೆ ತಿರುಗಿದರೆ ನೋವು, ಎಡಕ್ಕೆ ತಿರುಗಿದರೆ ನೋವು, ಅಂಗಾತ ಮಲಗಿದರೆ ನೋವಿನ ಜೊತೆಗೆ ಜಂತಿಯ ದರ್ಶನ. ನಮ್ಮ ಮಗಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು; ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗಿರಿಜೆ ಇಬ್ಬರೇ. ನಾನು ಹಲಗೆಯ ಮೇಲೆ ಹೀಗೆ ಹೊರಳಾಡುತ್ತಿರುವಾಗ, ಪಕ್ಕದ ಹಾಸಿಗೆಯಲ್ಲಿ ಗಿರಿಜೆ ಗೋಡೆಯ ಕಡೆ ಮುಖ ಮಾಡಿ, ಅಲುಗಾಡದೆ, ಉಸಿರಿನ ಸದ್ದೂ ಕೇಳದಷ್ಟು ಪ್ರಶಾಂತವಾಗಿ ಮಲಗಿರುತ್ತಿದ್ದಳು. ಅಂಥ ನಿದ್ದೆಯನ್ನು ಕಂಡು ಕರುಬದವನು ಮನುಷ್ಯನಲ್ಲ. ನಾನು ಮನುಷ್ಯನೇ ಆಗಿದ್ದೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹಿಂದಿನ ರಾತ್ರಿಯ ವಾರ್ತೆಗಳನ್ನು ಅವಳಿಗೆ ಸವಿಸ್ತಾರವಾಗಿ ಓದುತ್ತಿದ್ದೆ. ಹನ್ನೊಂದಕ್ಕೆ ಚುಚ್ಚಿದ್ದು ಹೇಗೆ, ಎರಡಕ್ಕೆ ಸೆಳೆದದ್ದು ಹೇಗೆ, ನಾಲ್ಕಕ್ಕೆ ಮಿಡಿದದ್ದು ಹೇಗೆ. ಭಾಷೆ ಗೊತ್ತಿರುವವನಿಗೆ ನೋವು ಬಂದರೆ ಕೇಳುವವರ ಪಾಡು ಕಷ್ಟ. ಅವಳು “ಅಯ್ಯೋ ಪಾಪ” ಎನ್ನುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೊನೆಯಲ್ಲಿ ನಾನು, “ನೀನು ಪುಣ್ಯವಂತೆ ಬಿಡು, ಮಲಗಿದರೆ ಬೆಳಗಾಗುತ್ತೆ” ಎಂದು ಮಂಗಳ ಹಾಡುತ್ತಿದ್ದೆ.

ನನ್ನ ನೋವಿನ ಮೂರನೆಯ ವರ್ಷದ ಚಳಿಗಾಲದಲ್ಲಿ ಮನೆಯೊಳಗೆ ಕೆಲವು ಸಣ್ಣ ಬದಲಾವಣೆಗಳಾದವು. ಅಡುಗೆಮನೆಯ ಮೇಲಿನ ಗೂಡಿನಲ್ಲಿದ್ದ ಸಕ್ಕರೆ, ಬೇಳೆ, ಕಾಫಿಪುಡಿಯ ಡಬ್ಬಿಗಳು ಒಂದೊಂದಾಗಿ ಕೆಳಗಿಳಿದು ನೆಲದ ಮೇಲೆ ಸಾಲಾಗಿ ಕುಳಿತವು. ನನಗೆ ಸಿಟ್ಟು ಬಂತು. ಬಗ್ಗಲಾರದ ಗಂಡನಿರುವ ಮನೆಯಲ್ಲಿ ಕಾಫಿಪುಡಿಯನ್ನು ನೆಲದ ಮೇಲಿಡುವುದೆಂದರೆ ಅದು ಅನಾದರವಲ್ಲದೆ ಇನ್ನೇನು? ಹಾಗೆಂದು ಹೇಳಿಯೂ ಬಿಟ್ಟೆ. ಅವಳು ಕಾಫಿಪುಡಿಯ ಡಬ್ಬಿಯನ್ನಷ್ಟೇ ಎತ್ತಿ ಮೇಜಿನ ಮೇಲಿಟ್ಟಳು. ಎದುರುಮನೆಯ ಬಸಮ್ಮನವರು ದಿನವೂ ಬೆಳಿಗ್ಗೆ ಬಂದು ಅವಳ ತಲೆ ಬಾಚಿ ಜಡೆ ಹಾಕಿ ಹೋಗತೊಡಗಿದರು. ನಲವತ್ತೈದು ದಾಟಿದ ಮೇಲೆ ಹೆಂಗಸರಲ್ಲಿ ಮತ್ತೆ ಶಾಲೆಯ ದಿನಗಳ ಗೆಳೆತನ ಚಿಗುರುತ್ತದೆಂದು ನಾನು ಭಾವಿಸಿ, ಆ ವಿಷಯದ ಮೇಲೆ ಒಂದು ಪ್ರಬಂಧವನ್ನು ಬರೆಯುವ ಯೋಚನೆಯನ್ನೂ ಮಾಡಿದ್ದೆ.

ಬೇಸಿಗೆಯ ರಜೆ ಬಂತು. ಸೊರಬದಾಚೆ, ಚಂದ್ರಗುತ್ತಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ದ್ಯಾವಪ್ಪನೆಂಬ ನಾಟಿವೈದ್ಯನಿದ್ದಾನೆ, ಅವನ ಹೆಬ್ಬೆರಳು ತಾಗಿದರೆ ಸಾಕು ಎಂದು ಯಾರೋ ಹೇಳಿದರು. ಹೆಬ್ಬೆರಳೊಂದೇ ಬಾಕಿ ಇತ್ತು, ಹೊರಟೆ. ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡರೆ ಎಬ್ಬಿಸಲು ಒಬ್ಬರು ಬೇಕೆಂದು ಗಿರಿಜೆಯನ್ನೂ ಕರೆದುಕೊಂಡೆ. ಶಿರಾಳಕೊಪ್ಪದಲ್ಲಿ ಒಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಿಕೊಂಡು, ಸೊರಬದಲ್ಲಿ ಬಸ್ಸು ಬದಲಾಯಿಸಿ, ಹನ್ನೊಂದರ ಸುಮಾರಿಗೆ ದ್ಯಾವಪ್ಪನ ಅಂಗಳ ತಲುಪಿದಾಗ ಅಲ್ಲಿ ನನಗಿಂತ ಮೊದಲೇ ಇಪ್ಪತ್ತು ಸೊಂಟಗಳು ಬಂದು ಕುಳಿತಿದ್ದವು.

ದ್ಯಾವಪ್ಪ ಎಪ್ಪತ್ತರ ಆಸುಪಾಸಿನ ಒಣಕಲು ಮುದುಕ. ಬಾಯಲ್ಲಿ ಸದಾ ಎಲೆಯಡಿಕೆ. ನನ್ನ ಸರದಿ ಬಂದಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯನ್ನು ಶುರುಮಾಡಿದೆ. ನೋವಿನ ಉಗಮ, ವಿಕಾಸ, ವಿಸ್ತಾರ. ಎರಡನೆಯ ವಾಕ್ಯದಲ್ಲಿದ್ದಾಗಲೇ ಆತ ಕೈಯೆತ್ತಿದ.

“ಮೇಷ್ಟ್ರಾ?” ಎಂದು ಕೇಳಿದ.

“ಹೌದು. ಹೇಗೆ ಗೊತ್ತಾಯ್ತು?”

“ಬೇರೆಯವ್ರು ಎಲ್ಲಿ ನೋವು ಅಂತ ಮುಟ್ಟಿ ತೋರಿಸ್ತಾರೆ ಮಾರಾಯ್ರೆ. ಮಕಾಡೆ ಮಲಗಿ.”

ಮಲಗಿದೆ. ಪ್ರಸಿದ್ಧವಾದ ಆ ಹೆಬ್ಬೆರಳು ನನ್ನ ಬೆನ್ನಿನ ಮೇಲೆ ಅಡ್ಡಾಡಿತು, ಎರಡು ಕಡೆ ಒತ್ತಿತು, ನಾನು ಎರಡು ಸಲ ಶಿವನನ್ನು ಕರೆದೆ. ಎದ್ದು ಕುಳಿತ ಮೇಲೆ ಆತ ಹೇಳಿದ್ದಿಷ್ಟು: “ಇದು ಪೂರ್ತಿ ಹೋಗೂದಲ್ಲ. ಕಮ್ಮಿ ಆಗ್ತದೆ, ಜಾಸ್ತಿ ಆಗ್ತದೆ. ಎಣ್ಣೆ ಕೊಡ್ತೆ, ಹಚ್ಚಿ. ದಿನಾ ನಡೀರಿ. ಕೂತು ಕೂತು ಹೇಳೂದು ಕಮ್ಮಿ ಮಾಡಿ.”

ಮೂರು ವರ್ಷದಿಂದ ನಾನು ಹುಡುಕುತ್ತಿದ್ದುದು ಬೇರೆ ಉತ್ತರವನ್ನು. ಮನಸ್ಸಿಗೆ ಪಿಚ್ಚೆನ್ನಿಸಿತು. ದ್ಯಾವಪ್ಪ ಎಣ್ಣೆಯ ಸೀಸೆಯನ್ನು ಗಿರಿಜೆಯತ್ತ ಚಾಚಿದ. ಅವಳು ಎಡಗೈ ಮುಂದೆ ಮಾಡಿದಳು. ಆತ ಕೊಡಲಿಲ್ಲ.

“ಔಷಧಿ ಎಡಗೈಯಾಗೆ ತಗಳ್ಳೂದಲ್ಲ ಅಮ್ಮ. ಬಲಗೈ ಕೊಡಿ.”

ಗಿರಿಜೆ ಬಲಗೈ ಎತ್ತಿದಳು. ಅದು ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಮುಂದಕ್ಕೆ ಬರಲಿಲ್ಲ. ಅವಳು ಸೀಸೆಯನ್ನೇ ನೋಡುತ್ತಿದ್ದಳು; ತುಟಿ ಬಿಳಿಚಿಕೊಂಡಿತ್ತು. ದ್ಯಾವಪ್ಪ ಸೀಸೆಯನ್ನು ಕೆಳಗಿಟ್ಟು, ಎಲೆಯಡಿಕೆ ಉಗಿದು ಬಂದು, ಅವಳೆದುರು ಕುಳಿತ.

“ಎಷ್ಟು ದಿನ ಆಯ್ತು?”

ಅವಳು ನನ್ನ ಕಡೆ ಒಮ್ಮೆ ನೋಡಿದಳು. “ದೀಪಾವಳಿಯಿಂದ” ಎಂದಳು.

“ರಾತ್ರಿ ನಿದ್ದೆ?”

“ಇಲ್ಲ.”

“ಎಷ್ಟೊತ್ತಿಗೆ ಹತ್ತುತ್ತೆ?”

“ಬೆಳಗಿನ ಜಾವ ಒಂದು ಗಳಿಗೆ. ಕೆಲವು ದಿನ ಅದೂ ಇಲ್ಲ.”

ಅಂಗಳದಲ್ಲಿದ್ದ ಸೊಂಟಗಳೆಲ್ಲ ನನ್ನ ಕಡೆ ತಿರುಗಿದವು. ದೀಪಾವಳಿಯಿಂದ ಅಲ್ಲಿಗೆ ಏಳು ತಿಂಗಳು. ಏಳು ತಿಂಗಳ ಬೆಳಗಿನ ವಾರ್ತೆಗಳು ನನ್ನ ಕಿವಿಯಲ್ಲೇ ಮತ್ತೊಮ್ಮೆ ಬಿತ್ತರವಾದವು. ದ್ಯಾವಪ್ಪ ಅವಳ ಹೆಗಲನ್ನು ಮೆಲ್ಲಗೆ ಮುಟ್ಟಿ ನೋಡಿ, “ಕೀಲು ಕಟ್ಕಂಡಿದೆ. ಇದನ್ನ ಎಳೆಯೂದು ನನ್ನ ಕೆಲಸ ಅಲ್ಲ. ಮೂಳೆ ಡಾಕ್ಟ್ರಿಗೆ ತೋರಿಸಿ” ಎಂದು ನನಗೆ ಹೇಳಿ, ಸೀಸೆಯನ್ನು ತಾನೇ ಅವಳ ಚೀಲದೊಳಗಿಟ್ಟ.

ಹಿಂದಿರುಗುವಾಗ ಸೊರಬದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದೆವು. ಕೊನೆಗೆ ಸಿಟ್ಟಿನ ದನಿಯಲ್ಲಿ, “ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು ನಿನಗೆ?” ಎಂದೆ. ಸಿಟ್ಟು ಯಾರ ಮೇಲೆಂಬುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ.

“ಹೇಳಬೇಕು ಅಂತ ಬೆಳಿಗ್ಗೆ ಕಾಫಿ ಹೊತ್ತಿಗೆ ಬರ್ತಿದ್ದೆ ರೀ” ಎಂದಳು. “ಅಷ್ಟರಲ್ಲಿ ನಿಮ್ಮದು ಶುರು ಆಗಿರ್ತಿತ್ತು. ಆಮೇಲೆ ಹೇಳಿದ್ರೆ ಪೈಪೋಟಿಗೆ ಹೇಳಿದ ಹಾಗಿರುತ್ತೆ ಅನ್ನಿಸ್ತಿತ್ತು.”

“ಮತ್ತೆ ರಾತ್ರಿ ಅಷ್ಟು ಅಲುಗಾಡದೆ ಮಲಗ್ತಿದ್ದೆಯಲ್ಲ?”

“ಅಲುಗಾಡಿದ್ರೆ ನಿಮಗೆ ಬಂದ ಚೂರು ನಿದ್ದೆನೂ ಹೋಗ್ತಿತ್ತು.” ಮತ್ತೆ ತಾನೇ, “ಅಲುಗಾಡಿದ್ರೆ ನನಗೂ ನೋಯ್ತಿತ್ತು ಅನ್ನಿ” ಎಂದು ನಕ್ಕಳು.

ನಾನು ನಗಲಿಲ್ಲ. ಡಬ್ಬಿಗಳು ನೆನಪಾದವು; ಜಡೆ ನೆನಪಾಯಿತು. ಅಲ್ಲಿಂದ ಶಿಕಾರಿಪುರದವರೆಗೆ ನನ್ನ ಸೊಂಟ ನೋಯಿತೋ ಇಲ್ಲವೋ, ನಿಜವಾಗಿ ನನಗೆ ಗೊತ್ತಿಲ್ಲ.

ಮೂಳೆಯ ಡಾಕ್ಟರು ಅವಳ ಹೆಗಲಿಗೆ ಮಾತ್ರೆಗಿಂತ ಹೆಚ್ಚಾಗಿ ಗೋಡೆಯನ್ನು ಬರೆದುಕೊಟ್ಟರು. ಗೋಡೆಗೆ ಎದುರಾಗಿ ನಿಂತು ಬಲಗೈ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು, ದಿನಕ್ಕೆ ಮೂರು ಹೊತ್ತು. ವರ್ಷ ಹಿಡಿಯಬಹುದು, ಅವಸರ ಮಾಡಬಾರದು. ನಡುಮನೆಯ ಸುಣ್ಣದ ಗೋಡೆಯ ಮೇಲೆ ಅವಳ ಬೆರಳು ಎಲ್ಲಿಯವರೆಗೆ ಹತ್ತಿತೆಂದು ಭಾನುವಾರಕ್ಕೊಮ್ಮೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಅಧಿಕಾರವನ್ನು ನಾನು ವಹಿಸಿಕೊಂಡೆ. ಮೊದಲ ಗೆರೆ ಎದೆಮಟ್ಟಕ್ಕೂ ಕೆಳಗಿತ್ತು. ಎರಡು ಭಾನುವಾರ ಗೆರೆಯ ಮೇಲೆ ಗೆರೆಯೇ ಬಿದ್ದು ದಪ್ಪವಾಯಿತು. ನಾನು ಪ್ರೋತ್ಸಾಹಕ್ಕೆಂದು ಒಮ್ಮೆ ಅರ್ಧ ಬೆರಳು ಮೇಲೆ ಎಳೆದೆ. ಅವಳು ತಿರುಗಿ ನೋಡಿ, “ಪರಮೇಶಿಗೆ ಹಿಂಗೇ ಎರಡು ಮಾರ್ಕು ಹಾಕಿದ್ರೆ ನಿಮಗೆ ಒದೆ ತಪ್ತಿತ್ತು” ಎಂದಳು. ಗೆರೆ ಅಳಿಸಿದೆ.

ಪಶ್ಚಾತ್ತಾಪಪಡುವ ಗಂಡನಷ್ಟು ಉಪದ್ರವಕಾರಿ ಪ್ರಾಣಿ ಇನ್ನೊಂದಿಲ್ಲವೆಂದು ಆ ತಿಂಗಳುಗಳಲ್ಲಿ ನನಗೆ ತಿಳಿಯಿತು. ಹತ್ತು ನಿಮಿಷಕ್ಕೊಮ್ಮೆ ನೋವು ಹೇಗಿದೆಯೆಂದು ಕೇಳುತ್ತಿದ್ದೆ. “ನೀವು ಕೇಳೋದು ನಿಲ್ಲಿಸಿದ್ರೆ ಅರ್ಧ ಕಮ್ಮಿ ಆಗುತ್ತೆ ರೀ” ಎಂದ ಮೇಲೆ ಕೇಳುವುದು ಬಿಟ್ಟು ಕಣ್ಣಿನಲ್ಲೇ ವಿಚಾರಿಸತೊಡಗಿದೆ. ಅದು ಇನ್ನೂ ಕಷ್ಟವೆಂದಳು. ಬಸಮ್ಮನವರು ಊರಿಗೆ ಹೋಗಿದ್ದ ಒಂದು ವಾರ ಜಡೆ ಹಾಕುವ ಕೆಲಸವನ್ನೂ ನಾನೇ ಹಿಡಿದೆ. ಮೂರು ಎಳೆಗಳನ್ನು ಒಂದರ ಮೇಲೊಂದು ತರುವ ಆ ವಿದ್ಯೆ ನೋಡಲು ಸರಳ, ಮಾಡಲು ಹಳೆಗನ್ನಡ. ಹಿಂತಿರುಗಿ ಬಂದ ಬಸಮ್ಮನವರು ನನ್ನ ಕೃತಿಯನ್ನು ಎತ್ತಿ ನೋಡಿ, “ಮೇಷ್ಟ್ರೆ, ಇದ್ರಾಗ ಎತ್ತು ಕಟ್ಟಬಹುದ್ರಿ. ಹೆಂಗಸರ ಜಡೆ ಅಲ್ಲ ಇದು” ಎಂದು ತೀರ್ಪು ಕೊಟ್ಟರು.

ರಾತ್ರಿಗಳಿಗೆ ನಾವೊಂದು ಒಪ್ಪಂದ ಮಾಡಿಕೊಂಡೆವು. ಎಚ್ಚರವಿದ್ದರೆ ಎಚ್ಚರವಿದ್ದೇನೆಂದು ಹೇಳಬೇಕು, ನಟನೆ ಕೂಡದು. “ಇದ್ದೀಯಾ?” ಎಂದರೆ “ಇದ್ದೀನಿ” ಎನ್ನುವುದು, ಆಮೇಲೆ ಮಾತು. ನೋವಿನ ಮಾತಿಗೆ ಮಾತ್ರ ಬೆಳಗಿನವರೆಗೆ ನಿಷೇಧ. ಹೀಗೆ ಮಾತನಾಡುತ್ತ, ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅವಳ ಬಗ್ಗೆ ನನಗೆ ಎಷ್ಟೋ ಸಂಗತಿಗಳು ಗೊತ್ತಾದವು. ಸಂತೆಯಿಂದ ನಾನು ಅವಳಿಗೆ ಇಷ್ಟವೆಂದು ತಪ್ಪದೆ ತರುತ್ತಿದ್ದ ಹಾಗಲಕಾಯಿಯನ್ನು ಅವಳು ಯಾವತ್ತೂ ಇಷ್ಟಪಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ತಂದಾಗ ಬೇಜಾರಾದೀತೆಂದು ಚೆನ್ನಾಗಿದೆ ಎಂದಿದ್ದಳಂತೆ. “ನಿಮಗೆ ಇಷ್ಟ ಅಂತ ನಾನು ಮಾಡ್ತಿದ್ದೆ” ಎಂದಳು. ನನಗೆ ಹಾಗಲಕಾಯಿ ಕಂಡರೇ ಆಗದು. ಆ ರಾತ್ರಿ ಇಬ್ಬರೂ ನಕ್ಕದ್ದಕ್ಕೆ ನನ್ನ ಸೊಂಟವೂ ಅವಳ ಹೆಗಲೂ ಮೂರು ದಿನ ಸೇಡು ತೀರಿಸಿಕೊಂಡವು.

ನನ್ನ ನೋವು ದ್ಯಾವಪ್ಪ ಹೇಳಿದಂತೆಯೇ ಕಮ್ಮಿಯಾಯಿತು, ಜಾಸ್ತಿಯಾಯಿತು, ಹೋಗಲಿಲ್ಲ. ದಿನವೂ ನಡೆಯತೊಡಗಿದೆ. ಅವಳ ಗೆರೆಗಳು ಗೋಡೆಯ ಮೇಲೆ ಒಂದೊಂದೇ ಬೆರಳಗಲ ಏರುತ್ತ ಮುಂದಿನ ಮಾಘದ ಹೊತ್ತಿಗೆ ಅವಳ ಹಣೆಯ ಮಟ್ಟ ಮುಟ್ಟಿದವು. ನಿದ್ದೆ ಮಾತ್ರ ಇಬ್ಬರ ಪಾಲಿಗೂ ಇನ್ನೂ ಪೂರ್ತಿಯಾಗಿ ಮರಳಿರಲಿಲ್ಲ.

ಆ ಮಾಘದಲ್ಲೇ ಸೊರಬದಲ್ಲಿರುವ ಅವಳ ಅಕ್ಕನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದೆವು. ಹೋಳಿಗೆ ಊಟ ಮುಗಿಸಿ ಮಧ್ಯಾಹ್ನ ಮೂರರ ಸುಮಾರಿಗೆ ಶಿವಮೊಗ್ಗಕ್ಕೆ ಹೋಗುವ ಬಸ್ಸು ಹತ್ತಿದೆವು. ಅದು ಶಿರಾಳಕೊಪ್ಪ, ಶಿಕಾರಿಪುರ, ಸವಳಂಗದ ಮೇಲೆ ಹೋಗುವ ಬಸ್ಸು. ನಮ್ಮದು ನಡುವೆ ಇಳಿಯುವ ಊರು. ಗಿರಿಜೆ ಕಿಟಕಿಯ ಪಕ್ಕ, ನಾನು ಈಚೆ. ಬಸ್ಸಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದ ನಾನು ನಡುನಡುವೆ ಎದ್ದು, ಮೇಲಿನ ಸರಳು ಹಿಡಿದು ನಿಂತು, ಮತ್ತೆ ಕೂರುವುದು ವಾಡಿಕೆ. ಊರು ದಾಟಿ ಒಂದೆರಡು ಮೈಲಿ ಹೋಗಿರಬೇಕು, ಅವಳ ತಲೆ ಮೆಲ್ಲಗೆ ವಾಲಿ ನನ್ನ ಹೆಗಲಿಗೆ ಬಂತು. ವರ್ಷದ ಮೇಲಾಗಿ ಯಾವ ಭಾರವನ್ನೂ ತಡೆಯದಿದ್ದ ಅವಳ ಬಲಭುಜ ನನ್ನ ತೋಳಿಗೆ ಪೂರ್ತಿ ಒತ್ತಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಮೃದುವಾದದ್ದಲ್ಲ, ಮುಂದಿನ ಸೀಟಿನವರು ತಿರುಗಿ ನೋಡುವಂಥದ್ದು. ನಿಜವಾದ ನಿದ್ದೆಗೆ ಸದ್ದಿರುತ್ತದೆಂದು, ನನ್ನ ಪಕ್ಕದಲ್ಲಿ ಏಳು ತಿಂಗಳು ಅದು ಕೇಳಿಸಿರಲೇ ಇಲ್ಲವೆಂದು, ಆಗ ಹೊಳೆಯಿತು.

ಶಿರಾಳಕೊಪ್ಪ ಬರುವಷ್ಟರಲ್ಲಿ ನನ್ನ ಸೊಂಟ ಕೂಗತೊಡಗಿತ್ತು. ಏಳುವಂತಿರಲಿಲ್ಲ; ಹೊರಳುವಂತೆಯೂ ಇರಲಿಲ್ಲ. ಹೊಂಡ ಬಂದಾಗಲೆಲ್ಲ ಹಲ್ಲು ಕಚ್ಚಿ, ಅವಳ ತಲೆ ಜಾರದಂತೆ ಅಂಗೈ ಒಡ್ಡಿ ಹಿಡಿದು ಕುಳಿತೆ. ವರ್ಣಿಸಲು ಯೋಗ್ಯವಾದ ನೋವು ಅದು. ಕೇಳುವವರು ಮಾತ್ರ ಮಲಗಿದ್ದರು.

ಶಿಕಾರಿಪುರದಲ್ಲಿ ಬಸ್ಸು ನಿಂತಿತು. ಕಂಡಕ್ಟರು ಬಂದು, “ಇಳೀರಿ ಸಾರ್, ನಿಮ್ಮೂರು” ಎಂದ.

ನಾನು ದನಿ ತಗ್ಗಿಸಿ, “ಎರಡು ಸವಳಂಗ ಕೊಡಪ್ಪ” ಎಂದೆ.

“ಸವಳಂಗದಾಗ ಏನ್ ಕೆಲಸ ಸಾರ್?”

“ಏನೂ ಇಲ್ಲ.”

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ. ಟಿಕೇಟು ಹರಿದುಕೊಟ್ಟು ಬಾಗಿಲಿಗೆ ಹೋಗಿ, ಬಾಯಿಗೆ ಹೋಗಿದ್ದ ಸೀಟಿಯನ್ನು ಕೆಳಗಿಳಿಸಿ, ಬಸ್ಸಿನ ತಗಡನ್ನು ಎರಡು ಸಲ ಕೈಯಿಂದ ತಟ್ಟಿದ.

ಸವಳಂಗದಲ್ಲಿ ಎಬ್ಬಿಸಲೇಬೇಕಾಯಿತು. ಅವಳು ಕಣ್ಣುಜ್ಜಿಕೊಂಡು, “ಶಿಕಾರಿಪುರ ಬಂತಾ?” ಎಂದಳು.

“ಬಂದಿತ್ತು” ಎಂದೆ.

ಕಿಟಕಿಯಿಂದ ಹೊರಗೆ ನೋಡಿ, ಅಂಗಡಿಯ ಬೋರ್ಡು ಓದಿ, ಮತ್ತೆ ನನ್ನ ಮುಖ ನೋಡಿದಳು. ನನ್ನ ಕಣ್ಣು ಕೆಂಪಾಗಿದ್ದಿರಬೇಕು. ಅವಳ ಮುಖ ಅರಳಿತು. “ನಿಮಗೂ ನಿದ್ದೆ ಬಂದ್ಬಿಡ್ತಾ? ಪಾಪ, ಎಷ್ಟು ದಿನ ಆಗಿತ್ತು ರೀ ನಿಮಗೆ ಹಂಗೆ ನಿದ್ದೆ ಬಂದು” ಎಂದಳು.

ನಾನು “ಹೂಂ” ಎಂದೆ. ಏಳಲು ಆಗಲಿಲ್ಲ, ಅವಳು ಕೈಕೊಟ್ಟು ಎಬ್ಬಿಸಿದಳು. “ಒಂದೇ ಭಂಗೀಲಿ ಮಲಗಿದ್ರೆ ಹಿಡ್ಕೊಳ್ದೆ ಇರುತ್ತಾ” ಎಂದು ಗದರಿದಳು. ಶಿಕಾರಿಪುರದ ಕಡೆಗೆ ಹೋಗುವ ಬಸ್ಸಿಗೆ ಒಂದು ಗಂಟೆ ಕಾಯುತ್ತ ಸವಳಂಗದಲ್ಲಿ ಮಂಡಕ್ಕಿ ತಿಂದೆವು.

ಮರುದಿನ ಬೆಳಿಗ್ಗೆ ಅವಳು ಜಡೆ ಹಾಕಿಸಿಕೊಳ್ಳುತ್ತ ಬಸಮ್ಮನವರಿಗೆ ಇದನ್ನೆಲ್ಲ ಹೇಳುತ್ತಿದ್ದಳು. ತಾನು ಒಂದು ಗಳಿಗೆ ತೂಕಡಿಸಿದ್ದು, ಅಷ್ಟರಲ್ಲಿ ನಮ್ಮನೆಯವರಿಗೆ ಎಂಥ ನಿದ್ದೆ ಹತ್ತಿತೆಂದರೆ ಊರು ಬಂದದ್ದೂ ಗೊತ್ತಾಗದೆ ಸವಳಂಗದವರೆಗೆ ಹೋದದ್ದು. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ. ಜೀವನವಿಡೀ ಇತರರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅನ್ನ ತಿಂದವನು ನಾನು.

ಬಸಮ್ಮನವರು ಬಾಚಣಿಗೆ ನಿಲ್ಲಿಸಿ ನನ್ನತ್ತ ತಿರುಗಿದರು. “ಹೌದೇನ್ರಿ ಮೇಷ್ಟ್ರೆ? ಅಷ್ಟು ಚಲೋ ನಿದ್ದೆ ಬಂತೇನ್ರಿ?”

“ಹೌದು ಬಸಮ್ಮನವರೆ” ಎಂದೆ. “ಸೊರಬ ಬಿಟ್ಟದ್ದೊಂದು ಗೊತ್ತು. ಆಮೇಲೆ ಸವಳಂಗದವರೆಗೂ ಎಚ್ಚರವೇ ಆಗಲಿಲ್ಲ.”